ಲಾರಿಗೆ ಬಳಿದ ಹಸಿರು

ಆ ಹಳೆಯ ಮಿಲಿಟರಿ ಲಾರಿಯನ್ನು ನಾವು ಕೊಂಡಾಗ ಅದರಿಂದ ಹಸಿ ತೊಗಲಿನ ನಾತ ಹೊಡೆಯುತ್ತಿತ್ತು. ಸೇನೆಯವರು ಹರಾಜು ಹಾಕಿದ ಮೇಲೆ ಯಾರ್ಯಾರದೋ ಕೈ ದಾಟಿ, ಕೊನೆಗೆ ಮುಂಬಯಿಯ ಧಾರಾವಿಯಲ್ಲಿ ತೊಗಲು ಹೊತ್ತು, ಗುಜರಿ ಸೇರಿತ್ತು. ಹಿಂದಿನ ಹಲಗೆಗಳ ಸಂದಿಯಲ್ಲಿ ಕೊಬ್ಬು, ಕೂದಲು, ಉಪ್ಪು ಕಲೆತು ಗೋಂದಿನಂತೆ ಹಿಡಿದಿತ್ತು. ಸೀಟಿನ ಹಿಂದೆ ಕೈ ಹಾಕಿದರೆ ಇಲಿಗಳ ಸಂಸಾರವೇ ಸತ್ತು ಒಣಗಿತ್ತು. ನನ್ನದು ಹೋಟೆಲು, ಸಾಂಬಾರು ಹಳಸುವ ಮೊದಲೇ ಮೂಗಿಗೆ ತಿಳಿಯುತ್ತದೆ. ಅಂಥ ಮೂಗು ಇಟ್ಟುಕೊಂಡು ಭಾನುವಾರಗಳನ್ನೆಲ್ಲ ಆ ಹಲಗೆ ಕೆರೆಯುತ್ತ ಕಳೆದೆ. ವಾಂತಿಯನ್ನೂ ಮಾಡಿಕೊಂಡೆ. ನನ್ನ ಬಟ್ಟೆಯನ್ನು ಹೆಂಡತಿ ಮೆಷಿನ್ನಿಗೆ ಹಾಕಲು ಬಿಡುತ್ತಿರಲಿಲ್ಲ.

ಈ ಹುಚ್ಚಿನಲ್ಲಿ ನನಗೆ ಜೊತೆಯಾದವನು ವಿಜಯಪುರದ ಕಡೆಯ ಒಬ್ಬ ಗೆಳೆಯ. ಕಟ್ಟಡಗಳ ಕಂತ್ರಾಟು ಮಾಡುತ್ತಾನೆ. ಲಾರಿ ನಿಂತದ್ದು ವಡಾಲದಲ್ಲಿ ಅವನು ಸಿಮೆಂಟು ಇಡುವ ಶೆಡ್ಡಿನಲ್ಲಿ. ಇಬ್ಬರಿಗೂ ಮೊದಲು ಇದರ ಗಂಧಗಾಳಿ ಇರಲಿಲ್ಲ. ತಿಳಿದವರನ್ನು ಕೇಳಿ, ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತೆವು. ಬಹಳ ಕಾಲ ಹಿಡಿಯಿತು. ಎಂಜಿನ್ನು ಮೊದಲ ಸಲ ಗುಡುಗಿದ ದಿನ ಅವನು ಗ್ರೀಸು ಮೆತ್ತಿದ ಕೈಯಲ್ಲೇ ನನ್ನನ್ನು ತಬ್ಬಿಕೊಂಡ. ಸೇನೆಯ ಹಸಿರು ಬಣ್ಣವನ್ನು ಖಾಸಗಿ ವಾಹನಕ್ಕೆ ಬಳಿಯುವಂತಿಲ್ಲ, ಅದು ಕಾನೂನು. ಹಾಗಾಗಿ ಬೂದು ಬಣ್ಣ ಬಳಿದೆವು. ಚೆನ್ನಾಗಿಯೇ ಕಾಣುತ್ತಿತ್ತು.

ನಾನಿರುವುದು ಗೋರೆಗಾಂವ್‌ನ ಒಂದು ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ. ಅದರ ಸೆಕ್ರೆಟರಿ ನಮ್ಮ ಕರಾವಳಿಯ ಕಡೆಯವರ ಮಗ, ಹುಟ್ಟಿ ಬೆಳೆದದ್ದು ಇಲ್ಲೇ. ಗಣರಾಜ್ಯೋತ್ಸವಕ್ಕೆ ಲಾರಿ ಬೇಕೆಂದು ಕೇಳಿದ. "ಅಂಕಲ್, ಮಕ್ಕಳಿಗೆ ತೋರಿಸ್ಲಿಕ್ಕೆ. ಬಸ್, ಇಷ್ಟೇ." ಮಕ್ಕಳು ಹತ್ತಿ ಇಳಿದು ನೋಡಲಿ ಎಂದು ನನಗೂ ಆಸೆಯಾಯಿತು. ಹಿಂದಿನ ಸಂಜೆಯೇ ತಂದು ಅಂಗಳದಲ್ಲಿ ನಿಲ್ಲಿಸಿದೆವು.

ಬೆಳಿಗ್ಗೆ ಕೆಳಗಿಳಿದು ಬಂದರೆ ಲಾರಿ ಹಸಿರಾಗಿತ್ತು. ಯಾರೋ ಸ್ಪ್ರೇ ಹೊಡೆದಿದ್ದರು, ಗಾಜಿನ ಅಂಚಿಗೂ, ಟೈರಿಗೂ. ಬಾಗಿಲ ಮೇಲೆ ಗುಂಡು ತಾಗಿದಂತೆ ಕಪ್ಪು ತೂತುಗಳನ್ನು ಬರೆದಿದ್ದರು. ಹಿಂದಿನ ಹಲಗೆಗಳ ಮೇಲೆ ಥರ್ಮೊಕೋಲಿನ ಹಿಮಾಲಯ. ಅದರ ಬುಡದಲ್ಲಿ ಜಿಮ್ಮಿನ ಯುವಕನೊಬ್ಬ ಯೂನಿಫಾರ್ಮು ತೊಟ್ಟು ಅಂಗಾತ ಮಲಗಿದ್ದ. ಎದೆಗೆ ಕೆಂಪು ಬಣ್ಣ ಸುರಿದಿದ್ದರು. ಅಲ್ಲೇ ಯಾರೋ ತಿಂದು ಬಿಸಾಡಿದ ವಡಾಪಾವಿನ ಕಾಗದ, ಚಕ್ರದ ಮೇಲೆ ಪಾನಿನ ಉಗುಳು. 

"ಎಂಥದು ಇದು?" ಎಂದೆ.

"ಥೀಮ್, ಅಂಕಲ್. ವಾಶ್ ಮಾಡಿದ್ರೆ ಹೋಗ್ತದೆ," ಎಂದ ಸೆಕ್ರೆಟರಿ.

ಅಷ್ಟರಲ್ಲಿ ಒಂದು ಟ್ಯಾಕ್ಸಿ ಬಂತು. ಅದರಿಂದ ಒಬ್ಬ ಮುದುಕಿಯನ್ನು ಇಳಿಸಿದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಮಗ ಸೇನೆಯಲ್ಲಿದ್ದು ತೀರಿಕೊಂಡಿದ್ದ. ಆಕೆ ಮಗಳೊಂದಿಗೆ ಧಾರಾವಿಯಲ್ಲಿದ್ದಳು. ವೀರಮಾತೆಗೆ ಸನ್ಮಾನ ಎಂದು ಕರೆದು ತಂದಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಸ್ಟೂಲಿಟ್ಟು, ರಟ್ಟೆ ಹಿಡಿದು ಆಕೆಯನ್ನು ಲಾರಿಗೆ ಹತ್ತಿಸಿದರು. ಕೂರಿಸಿದ್ದು ಆ ಕೆಂಪು ಬಣ್ಣದ ಹೆಣದ ಪಕ್ಕದಲ್ಲೇ.

ಮುಖ್ಯ ಅತಿಥಿಯಾದ ಬಿಲ್ಡರ್ ಬರುವವರೆಗೆ ಆಕೆ ಬಿಸಿಲಲ್ಲಿ ಕೂತಿರಬೇಕಾಯಿತು. ಅವನು ಬಂದು ಶಾಲು ಹೊದಿಸಿದ. ಕ್ಯಾಮೆರಾದವನಿಗೆ ಮುಖ ಸರಿಯಾಗಿ ಸಿಗಲಿಲ್ಲ. ಶಾಲು ತೆಗೆದು ಮತ್ತೆ ಹೊದಿಸಿದ. "ಮಾಂಜೀ, ಥೋಡಾ ರೋನಾ," ಎಂದು ಕ್ಯಾಮೆರಾದವನು ಕೈಸನ್ನೆ ಮಾಡಿ ತೋರಿಸಿದ, ಸ್ವಲ್ಪ ಅಳಬೇಕಂತೆ. ಮೈಕಿನಲ್ಲಿ ಸೆಕ್ರೆಟರಿ, ಈಕೆಯ ಮಗ ಎದೆಗೆ ಗುಂಡು ತಾಗಿದರೂ ಶತ್ರುಗಳನ್ನು ಸಾಲಾಗಿ ಉರುಳಿಸಿದ ಎಂದು ಕೂಗುತ್ತಿದ್ದ. ಹೆಣವಾಗಿದ್ದ ಯುವಕ ಒಂದು ಕಣ್ಣು ತೆರೆದು ಮೊಬೈಲು ನೋಡಿಕೊಂಡ.

ಮುದುಕಿ ಏನೋ ಹೇಳುತ್ತಿದ್ದಳು. ಸುತ್ತ ಇದ್ದವರಿಗೆ ಕನ್ನಡ ಅರ್ಥವಾಗಲಿಲ್ಲ, ಅವರು ನಗುತ್ತ ತಲೆಯಾಡಿಸಿದರು. ಗೆಳೆಯ ಹತ್ತಿರ ಹೋದ.

"ಗುಂಡ್ ಬಡದ್ ಸತ್ತಿಲ್ರಿ ಅಂವಾ," ಎನ್ನುತ್ತಿದ್ದಳು ಆಕೆ. "ಗಾಡಿ ಹೊಡೀತಿದ್ದ. ಗುಡ್ಡದಾಗ ಗಾಡಿ ಜಾರಿ ಕಣಿವಿಗಿ ಬಿತ್ತು. ನನ್ನ ಇಳಸ್ರಿ ಯಪ್ಪಾ, ಮನಿಗಿ ಹೋಗ್ತೀನಿ."

ಗೆಳೆಯನ ಮುಖ ಬಿಗಿಯಿತು. "ಅಣ್ಣಾರ, ಗಾಡಿ ಚಾಲೂ ಮಾಡ್ರಿ," ಎಂದ. "ಈ ಅವ್ವನ್ನ ನಾ ಮುಂದ ಕುಂದರಸ್ತೀನಿ."

ನಾನು ಸ್ಟೀರಿಂಗಿನ ಮುಂದೆ ಹತ್ತಿ ಕೂತೆ. ಅವನು ಆಕೆಯನ್ನು ಎತ್ತಿಕೊಂಡಂತೆಯೇ ಇಳಿಸಿ ಮುಂದಿನ ಸೀಟಿಗೆ ಕೂರಿಸಿ, ತಾನೂ ಪಕ್ಕಕ್ಕೆ ಹತ್ತಿದ. ಎಂಜಿನ್ನಿನ ಸದ್ದಿಗೆ ಹೆಣ ಎದ್ದು ಕೆಳಗೆ ಹಾರಿತು. ಸೆಕ್ರೆಟರಿ ಓಡಿ ಬಂದ.

"ಅಂಕಲ್, ರುಕೋ! ಒಂದು ಶಾಟ್ ಬಾಕಿ ಉಂಟು!"

"ಮೊದಲು ಆಚೆ ಸರಿ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವನು ಸರಿದ. ಗೇಟು ದಾಟುವಾಗ ಹಿಮಾಲಯ ಮೇಲಿನ ಕಮಾನಿಗೆ ಬಡಿದು ಮುರಿದು ಬಿತ್ತು.

ಲಾರಿ ಹೈವೇ ಸೇರಿತು. ಆಕೆ ಶಾಲನ್ನು ಮಡಿಸಿ ಕಾಲ ಬಳಿ ಇಟ್ಟಳು. ಲಾರಿಯ ಒಳಗನ್ನೆಲ್ಲ ನಿಧಾನವಾಗಿ ನೋಡಿದಳು, ಸ್ಟೀರಿಂಗು, ಗೇರು, ನನ್ನ ಪಾದ. ಬಾಂದ್ರಾದ ಹತ್ತಿರ ಗಾಡಿಗಳು ನಿಂತಾಗ ಕೇಳಿದಳು, "ಇದರ ಬ್ರೇಕ ಚಲೋ ಅದಾವೇನ್ರಿ?"

 "ಚಲೋ ಅದಾವವ್ವಾ," ಎಂದ ಗೆಳೆಯ. "ನಾವ ಕೈಯಾರೆ ಮಾಡೀವಿ."

"ಚಲೋ ಆತು," ಎಂದಳು. ಆಮೇಲೆ ಕಿಟಕಿಯ ಆಚೆ ನೋಡುತ್ತ ಕೂತಳು. ಧಾರಾವಿಯ ಓಣಿಯಲ್ಲಿ ಲಾರಿ ತೂರುವುದಿಲ್ಲ. ರಸ್ತೆಯ ಅಂಚಿನಲ್ಲಿ ನಿಲ್ಲಿಸಿದೆವು. ಗೆಳೆಯ ಮನೆಯವರೆಗೆ ನಡೆದು ಬಿಟ್ಟು ಬಂದ. ಶಾಲು ಸೀಟಿನ ಕೆಳಗೇ ಉಳಿದಿತ್ತು. ಹೋಗಿ ಕೊಟ್ಟು ಬರೋಣವೆಂದರೆ, "ಬ್ಯಾಡ ಬಿಡ್ರಿ, ಬೇಕಂತ ಬಿಟ್ಟಾಳ," ಎಂದ.

ವಾಶ್ ಮಾಡಿದರೆ ಹೋಗುತ್ತದೆ ಎಂದ ಬಣ್ಣ ಹೋಗಲಿಲ್ಲ. ನಮ್ಮ ಬೂದು ಬಣ್ಣದ ಸಮೇತ ಉಜ್ಜಿ ತೆಗೆಯಬೇಕಾಯಿತು. ಸೊಸೈಟಿಯಲ್ಲಿ ಕೆಲವರು ನನ್ನೊಡನೆ ಮಾತು ಬಿಟ್ಟರು. ಲಿಫ್ಟಿನಲ್ಲಿ ಗೋಡೆ ನೋಡುತ್ತಾರೆ. ಅದಾದರೂ ಮರ್ಯಾದೆಯ ಸಿಟ್ಟು. ಸೆಕ್ರೆಟರಿಗೆ ಸಿಟ್ಟೂ ಬರಲಿಲ್ಲ. ಮಳೆಗಾಲದಲ್ಲಿ ಒಂದು ದಿನ ಹೋಟೆಲಿಗೇ ಬಂದು, ಬಿಸಿ ನೀರುದೋಸೆ ತಿನ್ನುತ್ತ ಕೇಳಿದ: "ಅಂಕಲ್, ಆಗಸ್ಟ್ ಹದಿನೈದಕ್ಕೆ ಗಾಡಿ ಸಿಗ್ತದಾ? ಈ ಸಲ ಮುದುಕಿ ಬೇಡ, ಪ್ರಾಮಿಸ್."

ನಾನು ಅವನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದೆ. ಅದರಲ್ಲಿ ಇನ್ನೂ ಅರ್ಧ ದೋಸೆ ಇತ್ತು.