ದೇವಮಾತೆಯ ಚಿತ್ರದ ಹಿಂದಿದ್ದ ನನ್ನ ಬರಹ

ನಾಲ್ಕು ಊರು, ನಾಲ್ಕು ಮನೆ, ಪತ್ರಿಕೆಯ ಒಂದೇ ಪ್ರತಿ. ನಮ್ಮ ಕಥೋಲಿಕರ ಕನ್ನಡ ವಾರಪತ್ರಿಕೆ ಮೊದಲು ಕೊರಟಗೆರೆಗೆ, ಅಲ್ಲಿಂದ ಮಧುಗಿರಿಗೆ, ಶಿರಾಕ್ಕೆ, ಕಟ್ಟಕಡೆಗೆ ಪಾವಗಡದ ನಮ್ಮ ಮನೆಗೆ ಬರುತ್ತಿತ್ತು. ಬಸ್ಸಿನ ಕಂಡಕ್ಟರುಗಳೇ ನಮ್ಮ ಅಂಚೆಯವರು. ಶಿರಾದ ಬಸ್ ಸ್ಟ್ಯಾಂಡಿನ ಪಕ್ಕದ ಸಾಬರ ಟೈಲರ್ ಅಂಗಡಿಯಲ್ಲಿ ಅದು ಒಂದು ದಿನ ತಂಗಬೇಕು. ಟೈಲರು ಬೇಸಾಯದ ಪುಟ ಓದಿಯೇ ಬಸ್ಸು ಹತ್ತಿಸುತ್ತಿದ್ದರು. ಚರ್ಚಿನ ಗುರುಗಳ ಮುಖ ವರ್ಷಕ್ಕೆ ನಾಲ್ಕೈದು ಸಲ ಕಂಡರೆ ಹೆಚ್ಚು. ಹಾಗಾಗಿ ಯಾರಿಗೆ ಮದುವೆ, ಯಾರು ತೀರಿಕೊಂಡರು, ಎಲ್ಲವೂ ನಮಗೆ ಆ ಪತ್ರಿಕೆಯಿಂದಲೇ ತಿಳಿಯಬೇಕಿತ್ತು.

ಕೊರಟಗೆರೆಗೇ ಏಕೆ ಮೊದಲೆಂದರೆ, ಅಲ್ಲಿನ ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಅಜ್ಜಿಯೊಬ್ಬಳು ನಾಲ್ಕೂ ಮನೆಯವರಿಗೆ ಹಿರಿಯಳು. ಹಿರಿಯರ ಕೈ ದಾಟದೆ ಉಳಿದವರು ಓದುವಂತಿಲ್ಲ. ಸಂತರ ಚಿತ್ರ ಬಂದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವ ಹಕ್ಕೂ ಅವಳದೇ. ನಮ್ಮ ಕೈಗೆ ಬರುವ ಹೊತ್ತಿಗೆ ಪುಟದಲ್ಲಿ ಒಂದು ಕಿಟಕಿ ಇರುತ್ತಿತ್ತು, ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ನನಗಾಗ ಹದಿನೇಳು. ತುಮಕೂರಿಗೆ ಹೋಗಿ ಟೀಚರ್ ಟ್ರೈನಿಂಗ್ ಮಾಡುವ ಹುಚ್ಚು. ತಾವೇ ಮೇಷ್ಟ್ರಾಗಿದ್ದರೂ ಅಪ್ಪ ಒಪ್ಪಲೊಲ್ಲರು. ಹಟಕ್ಕೆ ಬಿದ್ದು, ಊರಿಗೆಲ್ಲ ಒಂದೇ ಆದ ನಮ್ಮ ಕ್ರೈಸ್ತ ಮನೆಯಲ್ಲಿ ಈಸ್ಟರ್ ಹಬ್ಬ ಹೇಗೆ ನಡೆಯಿತೆಂದು ಬರೆದು ಪತ್ರಿಕೆಗೆ ಕಳಿಸಿದೆ. ಅಪ್ಪ ನಕ್ಕರು.

"ಅಚ್ಚಾಗ್ಲಿ ನೋಡಾನ. ಅಚ್ಚಾದ್ರೆ ನಾನೇ ಕರ್ಕೊಂಡೋಗಿ ಸೇರುಸ್ಬುಟ್ಟು ಬತ್ತೀನಿ."

ಮೇ ತಿಂಗಳಲ್ಲಿ ಪ್ರಕಟಿಸುತ್ತೇವೆಂದು ಸಂಪಾದಕರ ಕಾರ್ಡು ಬಂತು. ಕಾರ್ಡು ಬೇರೆ, ಅಚ್ಚು ಬೇರೆ ಅಂದರು ಅಪ್ಪ. ಅವರು ಕಣ್ಣಾರೆ ಓದಬೇಕಂತೆ. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪ್ರತಿ ಬಸ್ಸಿನ ಹಾರನ್ನಿಗೂ ಓಡಿದೆ. ಅರ್ಜಿ ಹಾಕಲು ನಾಲ್ಕೇ ದಿನ ಉಳಿದಾಗ ಪತ್ರಿಕೆ ಬಂತು.

ಮೂರನೆಯ ಪುಟದಲ್ಲಿ ನನ್ನ ಶೀರ್ಷಿಕೆಯ ಮೊದಲೆರಡು ಪದ. ಅದರ ಕೆಳಗೆ ಕಿಟಕಿ! ಮೇ ಅಂದರೆ ದೇವಮಾತೆಯ ತಿಂಗಳು, ಪುಟದ ಹಿಂಬದಿಯಲ್ಲಿ ಅವಳ ಚಿತ್ರ ಇಲ್ಲದಿರುತ್ತದೆಯೇ? ಅಪ್ಪ ಪುಟ ಎತ್ತಿ ಹಿಡಿದರೆ ತೂತಿನಲ್ಲಿ ಅವರ ಮೀಸೆ ಕಂಡಿತು. ಅಮ್ಮನಿಗೆ ನಗು, ನನಗೆ ಅಳು ಬರುವಷ್ಟು ಸಿಟ್ಟು. ಇನ್ನೊಂದು ಪ್ರತಿ ತರಿಸೋಣ ಅಂದಳು ಅಮ್ಮ. ನನಗೆಲ್ಲಿಯ ತಾಳ್ಮೆ! ಮರುದಿನ ಮೊದಲ ಬಸ್ಸಿಗೇ ಅಪ್ಪನನ್ನು ಎಳೆದುಕೊಂಡು ಹೊರಟೆ.

ಅಜ್ಜಿಯ ಗೋಡೆಯ ತುಂಬ ಸಂತರು, ನಡುವೆ ದೇವಮಾತೆ. ಅದರ ಹಿಂದೆ ನನ್ನ ಬರಹವಿದೆ, ಕತ್ತರಿಸುವ ಮೊದಲು ತಿರುಗಿಸಿ ಓದಬಾರದಿತ್ತೇ ಎಂದು ನೇರವಾಗಿ ಕೇಳಿಬಿಟ್ಟೆ. ಅಜ್ಜಿ ತಲೆ ತಗ್ಗಿಸಿದಳು.

"ನಂಗೆ ಓದಕ್ಕೆ ಬರಾಕಿಲ್ಲ ಕಣವ್ವ. ಮೊದ್ಲು ನಂಗೇ ಕಳುಸ್ತೀರಲ್ಲ, ಹೆಂಗೆ ಹೇಳದು ಅಂತ ಸುಮ್ಕಿದ್ದೆ."

ನನ್ನ ಸಿಟ್ಟು ಇಳಿದುಹೋಯಿತು. ಇಷ್ಟು ವರ್ಷ ನಾವು ಅವಳಿಗೆ ಮರ್ಯಾದೆ ಕೊಟ್ಟಿದ್ದೆವು, ಓದಿ ಹೇಳಿರಲಿಲ್ಲ. ನಾಚಿಕೆಯಾಯಿತು.

ಬಿಸಿನೀರಿನ ಬಟ್ಟೆ ಒತ್ತಿ ಅಜ್ಜಿಯೇ ಚಿತ್ರ ಬಿಡಿಸಿದಳು. ಎಷ್ಟೋ ಹಸುಗೂಸುಗಳನ್ನು ಎತ್ತಿಕೊಂಡ ಕೈ. ಒಂದು ಮೂಲೆ ಮಾತ್ರ ಹರಿಯಿತು. ಮೊರದ ಮೇಲೆ ಬಿಸಿಲಿಗಿಟ್ಟು, ಒಣಗುವಷ್ಟರಲ್ಲೇ ಗಟ್ಟಿಯಾಗಿ ಓದಿದೆ. ನಮ್ಮ ಹಬ್ಬಕ್ಕೆ ಪಕ್ಕದ ಮನೆಯವರು ಹೋಳಿಗೆ ಮಾಡಿ ತಂದು, ಏಸುಸ್ವಾಮಿಗೆ ತುಪ್ಪ ಆಗುತ್ತದೋ ಇಲ್ಲವೋ ಎಂದು ಕೇಳಿದ ಭಾಗಕ್ಕೆ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಪ್ಪ ನನ್ನ ಹೆಗಲ ಹಿಂದೆ ನಿಂತು ಸಾಲು ಸಾಲಿಗೂ ಬೆರಳಿಟ್ಟು ಓದಿಕೊಂಡರು. ಮುಗಿದ ಮೇಲೆ ಹೊಗಳಲಿಲ್ಲ, ತುಮಕೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು. ನಾನು ಕುಣಿದೇಬಿಟ್ಟೆ.

ಹೊರಡುವ ಮುಂಚೆ ಚಿತ್ರವನ್ನು ಅದರ ಜಾಗಕ್ಕೆ ಅಂಟಿಸಲು ಹೋದೆ. ಅಜ್ಜಿ ನನ್ನ ಕೈಯಿಂದ ತೆಗೆದುಕೊಂಡು ಮಗುಚಿದಳು. ದೇವಮಾತೆಯ ಮುಖಕ್ಕೇ ಮೈದಾ ಅಂಟು ಬಳಿದಳು.

"ತಾಯಿ ಮುಖ ಕಣ್ ಮುಚ್ಚಿದ್ರೂ ಕಾಣ್ತದೆ. ನಿನ್ ಅಕ್ಷರ ಈಚೆಗಿರ್ಲಿ. ಬಂದೋರ್ ಕೈಲಿ ಓದುಸ್ಕೊಂತೀನಿ."