ಮಾಬುಸಾಬರ ಎರಡು ಗೆರೆ

ಮಾಬುಸಾಬರ ಎಡಗೈಗೆ ಕಣ್ಣಿದೆ ಎಂದು ಸವಣೂರಿನ ಲಾರಿ ಮಂದಿ ಹೇಳುತ್ತಿದ್ದರು. ಯಾರೇ ಟಯರು ತಂದರೂ ಅವರು ಅದರ ಹೊರಮೈಯನ್ನು ನೋಡುತ್ತಿರಲಿಲ್ಲ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ಎಡಗೈಯನ್ನು ಒಳಗೆ ಹಾಕಿ, ಕಣ್ಣು ಮುಚ್ಚಿ, ಬಲಗೈಯಿಂದ ಟಯರನ್ನು ಮೆಲ್ಲಗೆ ಉರುಳಿಸುತ್ತ ಒಂದು ಸುತ್ತು ಮುಗಿಸುತ್ತಿದ್ದರು. ಅಷ್ಟು ಹೊತ್ತು ಬಾಯಲ್ಲಿದ್ದ ಎಲೆಯನ್ನು ಕೂಡ ಜಗಿಯುತ್ತಿರಲಿಲ್ಲ. ನಡುವೆ ಎಲ್ಲಾದರೂ ಆ ಕೈ ನಿಂತಿತೋ, ಎದುರಿಗೆ ನಿಂತ ಲಾರಿ ಮಾಲೀಕನ ಮುಖ ಸಪ್ಪಗಾಗುತ್ತಿತ್ತು.

"ಹೊರಗ ಏನ ನೋಡ್ತೀರಿ? ಟಯರಿಗೆ ಮುಪ್ಪು ಹೊಟ್ಟಿಯೊಳಗ ಸುರು ಆಗತೈತ್ರಿ. ಮಾರಿಗೆ ಬರೂದು ಕಡೀಕ" ಎನ್ನುತ್ತಿದ್ದರು.

ಸವಣೂರಿನಿಂದ ಶಿಗ್ಗಾಂವಿಗೆ ಹೋಗುವ ರಸ್ತೆಯ ಬದಿಗೆ, ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಜಾಗವೇ ಅವರ ಅಂಗಡಿ. ಟ್ಯೂಬು ಮುಳುಗಿಸಿ ನೋಡಲು ನೀರು ತುಂಬಿದ ಅರ್ಧ ಪೀಪಾಯಿ, ಎರಡು ದೊಡ್ಡ ಸಲಾಕೆ, ಒಂದು ಸುತ್ತಿಗೆ, ಬಿಳಿ ಬಣ್ಣದ ಒಂದು ಸಣ್ಣ ಡಬ್ಬಿ. ಕೂಡಲು ಒಂದು ಕಲ್ಲು. ಟಯರಿನ ಮೇಲೆ ಯಾರನ್ನೂ ಕೂಡಗೊಡುತ್ತಿರಲಿಲ್ಲ. ಊರಿನ ದೊಡ್ಡ ಸಾಹುಕಾರರೊಬ್ಬರು ಒಮ್ಮೆ ಕೂತಾಗ, "ನಿಮ್ಮ ಭಾರ ಹೊರಾಕ ಅದಕ್ಕ ಸಡಕ್ ಐತ್ರಿ, ಇಲ್ಲಿ ಅದು ಆರಾಮ ತಗೊಳ್ಳಾಕ ಬಂದೈತಿ" ಎಂದು ಎಬ್ಬಿಸಿದ್ದರು.

ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಬಿಳಿ ಬಣ್ಣದಲ್ಲಿ ಬೆರಳು ಅದ್ದಿ ಟಯರಿನ ಪಕ್ಕೆಗೆ ಗುರುತು ಹಾಕುತ್ತಿದ್ದರು. ಒಂದು ಗೆರೆ ಎಂದರೆ ಮುಂದಿನ ಗಾಲಿಗೆ ನಡೆಯುತ್ತದೆ. ಎರಡು ಗೆರೆ ಎಂದರೆ ಹಿಂದಿನ ಗಾಲಿಗೆ ಮಾತ್ರ, ಮುಂದೆ ಹಾಕಲೇಬಾರದು. ಕತ್ತರಿ ಗುರುತು ಬಿತ್ತೆಂದರೆ ಅದು ಇನ್ನು ಎತ್ತಿನ ಬಂಡಿಗೆ. ಹಾನಗಲ್ಲಿನಿಂದ ಹಿರೇಕೆರೂರಿನವರೆಗೆ ಯಾವ ಡ್ರೈವರನಿಗೂ ಈ ಲಿಪಿಯನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ನಾನು ಅವರ ಹತ್ತಿರ ಮೊದಲು ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ, ನನ್ನ ಮೊದಲ ಲಾರಿ ತಗೊಂಡಾಗ. ನಮ್ಮದು ಹಾನಗಲ್ಲಿನ ಆಚಾರ್ಯರ ಮನೆತನ. ಅಜ್ಜ, ಅಪ್ಪ ಇಬ್ಬರೂ ಸಂಸ್ಕೃತ ಪಾಠ ಹೇಳಿದವರು. ನನ್ನ ತಲೆಗೆ ಶಬ್ದರೂಪಗಳು ಹತ್ತಲಿಲ್ಲ, ಎಂಜಿನ್ನಿನ ಸದ್ದು ಹತ್ತಿತು. ಯಾರೋ ಓಡಿಸಿ ಬಿಟ್ಟ ಹಳೆಯ ಲಾರಿಯೊಂದನ್ನು ಕೊಂಡು, ಅದಕ್ಕೆ ಹೊಸ ಬಣ್ಣ ಹೊಡೆಸಿ, ಆರೂ ಗಾಲಿಗೆ ಟಯರು ಆರಿಸಲು ಸವಣೂರಿಗೆ ಬಂದಿದ್ದೆ. ನನಗೆ ಬೇಕಾಗಿದ್ದದ್ದು ಎತ್ತರೆತ್ತರ ಹಲ್ಲಿನ ದಪ್ಪ ಟಯರು. ಹಲ್ಲಿನ ಟಯರು ಹಾಕಿದ ಲಾರಿ ನಿಂತಲ್ಲೇ ಗಂಡಸಿನ ಹಾಗೆ ಕಾಣುತ್ತದೆ ಎಂಬುದು ನನ್ನ ಆಗಿನ ತಿಳಿವಳಿಕೆ.

ಮಾಬುಸಾಬರು ನನ್ನ ಬೇಡಿಕೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಎಲ್ಲರಿಗೂ ಕೇಳುತ್ತಿದ್ದ ಮೂರೇ ಪ್ರಶ್ನೆಗಳನ್ನು ನನಗೂ ಕೇಳಿದರು.

"ಯಾವ ರಸ್ತಾ? ಏನ್ ಮಾಲು? ಡ್ರೈವರ ಯಾರು?"

ಹೆಚ್ಚಾಗಿ ಶಿಗ್ಗಾಂವಿ ಮೇಲಿಂದ ಹುಬ್ಬಳ್ಳಿಗೆ, ಡಾಂಬರು ರಸ್ತೆ, ಚೀಲದ ಮಾಲು, ಡ್ರೈವರ್ ಅಬಲೂರಿನ ಫಕೀರಪ್ಪ ಎಂದೆ.

"ಫಕೀರಪ್ಪ ಆದ್ರ ಚಲೋ ಆತು, ಅಂವ ಗಾಡಿ ಕೂಡ ಜಗಳ ಮಾಡೂದಿಲ್ಲ. ಕೇಳ್ರಿ ಆಚಾರ್ರ. ಹಲ್ಲಿನ ಟಯರು ತಿಳವಳ್ಳಿ ಗದ್ದಿ ಕೆಸರಾಗ ಓಡೂ ಗಾಡಿಗೆ. ಅದನ್ನ ಡಾಂಬರ ಮ್ಯಾಲ ಓಡಿಸಿದ್ರ ಹಲ್ಲು ಕಾದು ಉದುರತಾವು, ಗಾಡಿ ಗೊರ್ ಅಂತೈತಿ, ಮಳಿಯಾಗ ಬ್ರೇಕ್ ಹಿಡದ್ರ ಜಾರತೈತಿ. ಸಡಕಿಗೆ ಉದ್ದ ಸಾಲಿನ ಟಯರು ಬೇಕು. ಮುಂದಿನ ಎರಡೂ ಸಾಲಿನವ, ತಾಜಾ. ಹಿಂದ ಬೇಕಂದ್ರ ಸಣ್ಣ ಹಲ್ಲು ಹಾಕ್ಕೋರಿ, ನಿಮ್ಮ ಮನಸಿನ ಸಮಾಧಾನಕ್ಕ."

ನಾನು ಮುಖ ಸಣ್ಣದು ಮಾಡಿದೆ. ಅವರು ನಕ್ಕರು. "ಹಿಂದಿಂದು ಒಡದ್ರ ಜೋಡಿ ಗಾಲಿ ಐತಿ, ಹಿಡಕೋತೈತಿ. ಮುಂದಿಂದು ಒಡದ್ರ ಹಿಡಿಯಾಕ ಯಾರದಾರ?"

ಅವರು ಆರಿಸಿಕೊಟ್ಟ ಟಯರುಗಳ ಮೇಲೆ ನಾನು ಐದು ವರ್ಷ ಅನ್ನ ಉಂಡೆ. ಲಾರಿ ಎರಡಾಯಿತು. ಒಮ್ಮೆ ಅಪ್ಪ ಸವಣೂರಿನ ಮಠಕ್ಕೆ ಹೋಗುವವರು ನನ್ನ ಜೊತೆ ಬಂದು, ಅಂಗಡಿಯ ಕಲ್ಲಿನ ಮೇಲೆ ಕೂತು ಮಾಬುಸಾಬರ ಕೆಲಸ ನೋಡಿದರು. ಆಮೇಲೆ "ಸಾಹೇಬ್ರ, ಕಣ್ಣು ಮುಚ್ಚಿಕೊಂಡು ಏನ್ ನೋಡ್ತೀರಿ?" ಎಂದರು. ಸಾಬರು ಕಣ್ಣು ತೆರೆಯದೆಯೇ, "ಪೂಜಾದಾಗ ತಾವು ಏನ್ ನೋಡ್ತೀರೋ ಅದನ್ನ ರೀ" ಎಂದರು. ಅಪ್ಪನಿಗೆ ನಗು ತಡೆಯಲಾಗಲಿಲ್ಲ. ಹಿಂತಿರುಗುವಾಗ ದಾರಿಯಲ್ಲಿ, "ಅವರ ಮಾತು ಮೀರಬ್ಯಾಡ" ಎಂದಷ್ಟೇ ಹೇಳಿದರು. ನಾನು ಮೀರಲಿಲ್ಲ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು.

ನಮ್ಮ ಕಡೆ ಮಹಾನವಮಿಯ ಖಂಡೇಪೂಜೆಗೆ ಗಾಡಿ ತೊಳೆದು, ಟಯರುಗಳಿಗೆ ಕರಿ ಬಣ್ಣ ಬಳಿದು, ಹೊಸದರಂತೆ ಹೊಳೆಯಿಸಿ ಪೂಜೆ ಮಾಡುವ ರೂಢಿ. ಐದನೆಯ ವರ್ಷ ಫಕೀರಪ್ಪ ಹಬ್ಬಕ್ಕೆ ಊರಿಗೆ ಹೋಗಿದ್ದ. ನಾನೇ ಧೋತರ ಎತ್ತಿ ಕಟ್ಟಿ, ಬ್ರಷ್ ಹಿಡಿದು, ಅವನು ಓಡಿಸುವ ಲಾರಿಯ ಆರೂ ಗಾಲಿಗೆ ಬಣ್ಣ ಹೊಡೆದೆ. ಉತ್ಸಾಹ ಹೆಚ್ಚಾಗಿ ಹೆಚ್ಚುವರಿ ಗಾಲಿಯನ್ನೂ, ಅಂದರೆ ಸ್ಟೆಪ್ನಿಯನ್ನೂ ಬಿಡಲಿಲ್ಲ. ಅದು ಹಳೇ ಟಯರಿನ ಮೇಲೆ ಹೊಸ ರಬ್ಬರು ಕೂಡಿಸಿದ್ದು. ಮೇಲೆ ಸಾಲುಗಳು ಚೂಪಾಗಿದ್ದವು, ಒಳಗೆ ದಣಿದಿತ್ತು. ಅದರ ಪಕ್ಕೆಯ ಮೇಲೆ ಮಾಬುಸಾಬರ ಗುರುತು ಇತ್ತು. ಅದರ ಮೇಲೂ ಬ್ರಷ್ ಹಾಯಿತು. ಹೂ, ಕುಂಕುಮ, ಗಾಲಿಗೊಂದು ನಿಂಬೆಹಣ್ಣು ಇಟ್ಟು ಕೈ ಮುಗಿದೆ.

ಹಬ್ಬದ ಮರುದಿನವೇ ಹಿರೇಕೆರೂರಿನಿಂದ ಶೇಂಗಾ ಚೀಲ ಹೇರಿಕೊಂಡು ಹೊರಟೆವು. ಫಕೀರಪ್ಪ ಓಡಿಸುತ್ತಿದ್ದ, ನಾನು ಪಕ್ಕದಲ್ಲಿದ್ದೆ. ಹಂಸಭಾವಿಗೆ ಮೊದಲೇ ಮುಂದಿನ ಬಲಗಾಲಿ ಪಂಚರಾಯಿತು. ಫಕೀರಪ್ಪ ಸ್ಟೆಪ್ನಿ ಇಳಿಸಿ, ಅದನ್ನು ತಿರುವಿ ತಿರುವಿ ನೋಡಿದ.

"ಮಾಲಕರ, ಗುರುತ ಕಾಣವಲ್ದು. ಎಷ್ಟ ಗೆರಿ ಇತ್ತ್ರಿ?"

ಬಿಸಿಲು ಏರುತ್ತಿತ್ತು. ಪೇಟೆ ಮುಗಿಯುವುದರೊಳಗೆ ಹುಬ್ಬಳ್ಳಿ ಮುಟ್ಟಬೇಕಿತ್ತು. "ಒಂದ ಗೆರಿ. ನೋಡಲ್ಲ, ಹೊಸಾದರಂಗ ಅದ. ಹಾಕು" ಎಂದೆ.

ಹಾಕಿದ. ಹಂಸಭಾವಿ ದಾಟಿದ ಮೇಲೆ ಇಳಿಜಾರಿನಲ್ಲಿ ಅದು ಒಡೆಯಿತು. ಲಾರಿ ಬಲಕ್ಕೆ ಎಳೆದುಕೊಂಡು ಹೋಗಿ ಸಣ್ಣ ಸೇತುವೆಯ ಕಟ್ಟೆಗೆ ಗುದ್ದಿತು. ನನಗೆ ಹಣೆಯ ಮೇಲೆ ಒಂದು ಗಾಯ, ಅಷ್ಟೇ. ಫಕೀರಪ್ಪನ ಬಲಗಾಲು ಸಿಕ್ಕಿಕೊಂಡು ನುಚ್ಚಾಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ನನಗೆ ನೆನಪಾಯಿತು. ಬ್ರಷ್ ಮೊದಲು ಒಂದು ಬಿಳಿ ಗೆರೆಯನ್ನು ಮುಚ್ಚಿತ್ತು. ಆಮೇಲೆ ಅದರ ಪಕ್ಕದ ಇನ್ನೊಂದನ್ನು.

ಮೂರನೆಯ ದಿನ ಮಾಬುಸಾಬರು ಬಸ್ಸು ಹತ್ತಿ ಬಂದರು. ಮಂಚದ ಪಕ್ಕ ನಿಂತು ಫಕೀರಪ್ಪನ ತಲೆಯ ಮೇಲೆ ಕೈಯಿಟ್ಟರು. ಅವನು ಆಪಾದನೆ ಮಾಡುವ ದನಿಯಲ್ಲೇನೂ ಅಲ್ಲ, ಇದ್ದದ್ದನ್ನು ಹೇಳುವ ಹಾಗೆ, "ಸಾಬರ, ನೀವು ಒಂದ ಗೆರಿ ಹಾಕಿದ್ರಿ ಅಂತ ಮುಂದ ಹಾಕಿದ್ವಿರಿ" ಎಂದ. ಸಾಬರ ಮುಖದ ಬಣ್ಣ ಇಳಿಯಿತು. ನನ್ನ ಕಡೆ ತಿರುಗಿದರು.

"ಆಚಾರ್ರ, ನಾ ಒಂದ ಗೆರಿ ಹಾಕಿದ್ನೇನ್ರಿ?"

ವಾರಕ್ಕೆ ಹತ್ತಾರು ಟಯರು ಮುಟ್ಟುವ ಮನುಷ್ಯ. ಅವರಿಗೆ ನೆನಪಿರುವುದು ಸಾಧ್ಯವಿರಲಿಲ್ಲ. ಅದಕ್ಕೇ ನನ್ನನ್ನು ಕೇಳಿದರು. ಹಾಸಿಗೆಯ ಇನ್ನೊಂದು ಬದಿಗೆ ಫಕೀರಪ್ಪನ ಹೆಂಡತಿ ನಿಂತಿದ್ದಳು. ನಾನು "ಹೂಂ" ಎಂದೆ.

ಆ ಒಂದು ಹೂಂ ಆರು ವರ್ಷ ಬಾಳಿತು. ಊರಿಗೆ ಹೋದವರೇ ಮಾಬುಸಾಬರು ಬಿಳಿ ಬಣ್ಣದ ಡಬ್ಬಿಯನ್ನು ಅಂಗಡಿಯಿಂದ ತೆಗೆದುಬಿಟ್ಟರಂತೆ. ಆಮೇಲೆ ಪಂಚರು ಹಚ್ಚಿದರು, ಗಾಳಿ ತುಂಬಿದರು, ಅಷ್ಟೇ. ಯಾರಾದರೂ ಟಯರು ಮುಂದಿಟ್ಟು ಕೈ ಹಿಡಿದು ಬೇಡಿಕೊಂಡರೂ, "ಬ್ಯಾಡ್ರೀ. ಕೈ ಕುರುಡ ಆಗೇತಿ. ಇನ್ನೊಬ್ಬರ ಕಾಲು ತಿಂದೀತು" ಎನ್ನುತ್ತಿದ್ದರಂತೆ. ಲಾರಿಗಳು ಟಯರಿಗೆ ಹುಬ್ಬಳ್ಳಿಯ ದಾರಿ ಹಿಡಿದವು. ನಾನು ಸವಣೂರಿನ ಬಾಡಿಗೆ ಬಂದರೆ ಒಲ್ಲೆ ಎನ್ನುತ್ತಿದ್ದೆ. ಫಕೀರಪ್ಪನಿಗೆ ಅಬಲೂರಿನಲ್ಲಿ ಒಂದು ಗೂಡಂಗಡಿ ಹಾಕಿಸಿಕೊಟ್ಟೆ. ಊರವರು ನನ್ನನ್ನು ದೊಡ್ಡ ಮನಸ್ಸಿನ ಮಾಲೀಕ ಎಂದು ಹೊಗಳಿದರು. ಆ ಹೊಗಳಿಕೆ ಕೇಳುವಾಗ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ.

ಎಂಬತ್ತರ ದಶಕ ಅರ್ಧವಾಗಿತ್ತು. ಎಲೆ ಮಾರುವವನೊಬ್ಬ, ಮಾಬುಸಾಬರು ಹಾಸಿಗೆ ಹಿಡಿದಿದ್ದಾರೆ, ಬಹಳ ದಿನ ಉಳಿಯಲಿಕ್ಕಿಲ್ಲ ಎಂದ. ಮಾರನೆಯ ದಿನ ಮಧ್ಯಾಹ್ನ ನಾನು ಅವರ ಮನೆಯ ಬಾಗಿಲಲ್ಲಿದ್ದೆ. ಅವರು ಹಗ್ಗದ ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೈಯೆಲ್ಲ ಕರಗಿ ಕೈಗಳಷ್ಟೇ ಮೊದಲಿನಷ್ಟು ದೊಡ್ಡವಾಗಿ ಕಂಡವು. "ಬರ್ರಿ ಆಚಾರ್ರ, ಕುಂತ್ಕೋರಿ" ಎಂದರು. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿ ನಿಂತೇ ಹೇಳಿದೆ. ಕರಿ ಬಣ್ಣ, ಬ್ರಷ್, ಹಂಸಭಾವಿ, ಆಸ್ಪತ್ರೆ, ಎಲ್ಲವನ್ನೂ.

"ಎರಡ ಗೆರಿ?" ಎಂದರು.

"ಎರಡು."

ತಮ್ಮ ಎಡಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಅವರು ಕ್ಷಮಿಸಿಬಿಡುತ್ತಾರೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದ್ದೆ. ಅವರು ಕ್ಷಮಿಸಲಿಲ್ಲ.

"ಆರು ವರ್ಷ ಆಚಾರ್ರ. ದಿನಾ ನಮಾಜಿಗೆ ಈ ಕೈ ತೊಳಿಯೂವಾಗ ಫಕೀರಪ್ಪನ ಕಾಲು ಕಣ್ಮುಂದ ಬರ್ತಿತ್ತು. ನೀವು ಓದಿದ ಮಂದಿ. ಒಂದ ಮಾತು ಹೇಳಾಕ ನಿಮಗ ಆರು ವರ್ಷ ಬೇಕಾತೇನು?"  ಆಮೇಲೆ ಕೇಳಿದರು: "ಫಕೀರಪ್ಪಗ ಹೇಳೀರೇನು?"

"ಇಲ್ಲ."

"ಮೊದ್ಲ ಅವಗ ಹೇಳ್ರಿ. ಹೇಳಲಾರದ ನನ್ನ ಮನಿ ಹೊಸ್ತಲಾ ತುಳೀಬ್ಯಾಡ್ರಿ."

ಅಲ್ಲಿಂದ ನೇರ ಅಬಲೂರಿಗೆ ಹೋದೆ. ಫಕೀರಪ್ಪ ಗೂಡಂಗಡಿಯಲ್ಲಿ ಕೂತು ಬೆಲ್ಲ ಒಡೆಯುತ್ತಿದ್ದ. ನನ್ನ ಮಾತು ಮುಗಿಯುವ ತನಕ ಒಡೆದ ಚೂರುಗಳನ್ನೇ ಮತ್ತೆ ಮತ್ತೆ ಒಡೆದ. "ನೀವು ಒಂದ ಅಂದಾಗ ನನಗೂ ಅನುಮಾನ ಬಂದಿತ್ರಿ. ಮಾಲಕರು ಅಂದ್ರಲಾ ಅಂತ ಸುಮ್ಮನಾದೆ" ಎಂದ. ಕೈ ಕೊಡವಿಕೊಂಡು ಊರುಗೋಲು ಎಳೆದುಕೊಂಡ. "ನನ್ನ ಕಾಲಿನ ಮಾತು ಆಮ್ಯಾಲ ನೋಡೂಣು. ಒಂದ ಗೆರಿ ಅಂತ ಆ ಮುದುಕಗ ನಾನ ನನ್ನ ಬಾಯಿಲೆ ಹೇಳೇನಿ. ಕರ್ಕೊಂಡ ನಡೀರಿ."

ಮರುದಿನ ಇಬ್ಬರೂ ಸವಣೂರಿಗೆ ಹೋದೆವು. ಲಾರಿ ಓಡಿಸಿದವನು ನಾನೇ. ಫಕೀರಪ್ಪ ಹೊರಸಿನ ಹತ್ತಿರ ನೆಲದ ಮೇಲೆ ಕೂತು ಸಾಬರ ಎಡಗೈ ಹಿಡಿದುಕೊಂಡ.  ಆಮೇಲೆ ಸಾಬರು ನನ್ನ ಕಡೆ ನೋಡಿ, "ಗಾಡಿಯಾಗ ಸ್ಟೆಪ್ನಿ ಐತೇನು? ತರ್ರಿ" ಎಂದರು.

ಸಲಾಕೆ ಹಾಕಿ ಟಯರನ್ನು ಗಾಲಿಯಿಂದ ಬಿಡಿಸಿ, ಉರುಳಿಸಿಕೊಂಡು ಒಳಗೆ ತಂದೆ. ಹೊರಸಿಗೆ ಒರಗಿಸಿ ಹಿಡಿದೆ.

"ಯಾವ ರಸ್ತಾ?"

"ಹುಬ್ಬಳ್ಳಿ ಸಡಕ್."

"ಏನ್ ಮಾಲು?"

"ಚೀಲಾ."

"ಡ್ರೈವರ ಯಾರು?"

"ಈಗ ನಾನ ಓಡಸ್ತೇನಿ" ಎಂದೆ.

ಅವರು ಕಣ್ಣು ಮುಚ್ಚಿ ಕೈಯನ್ನು ಒಳಗಿಟ್ಟರು. ಉರುಳಿಸುವ ಶಕ್ತಿ ಅವರಿಗಿರಲಿಲ್ಲ, ನಾನೇ ಉರುಳಿಸಿದೆ. ಅರ್ಧ ಸುತ್ತಿನಲ್ಲಿ ಕೈ ನಿಂತಿತು. ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಯೇ ನಿಂತಿತು. ಹೆಂಡತಿಗೆ ಹೇಳಿ ಬಣ್ಣದ ಡಬ್ಬಿ ತರಿಸಿದರು. ಆರು ವರ್ಷದಲ್ಲಿ ಅದು ಒಣಗಿ ಕಲ್ಲಾಗಿತ್ತು. ಕೊನೆಗೆ ಅವರ ಎಲೆ ಚೀಲದ ಸುಣ್ಣವನ್ನೇ ಬೆರಳಿಗೆ ತಗೊಂಡು ಟಯರಿನ ಪಕ್ಕೆಗೆ ಎಳೆದರು.

"ಎಷ್ಟ ಅದಾವು?"

"ಎರಡು."

"ಜೋರ ಹೇಳ್ರಿ. ಫಕೀರಪ್ಪಗ ಕೇಳಬೇಕು."

"ಎರಡು" ಎಂದೆ.  ಇಬ್ಬರಿಗೂ ಕೇಳುವ ಹಾಗೆ ಹೇಳಿದೆ.

ಅದಾಗಿ ಇಪ್ಪತ್ತು ದಿನಕ್ಕೆ ಅವರು ತೀರಿಕೊಂಡರು. ಅವರ ಮಣ್ಣಿಗೆ ನಾನು ಹೋದಾಗ ಲಾರಿಗಳು ಶಿಗ್ಗಾಂವಿ ರಸ್ತೆಯ ಉದ್ದಕ್ಕೂ ನಿಂತಿದ್ದವು. ನನ್ನನ್ನು ಕ್ಷಮಿಸಿದೆ ಎಂದು ಅವರು ಕೊನೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಸ್ಟೆಪ್ನಿಯ ಸುಣ್ಣದ ಗೆರೆಗಳು ಅಳಿಯುವ ಮೊದಲೇ ಅವುಗಳ ಮೇಲೆ ಬಿಳಿ ಬಣ್ಣ ತೀಡಿದೆ. ಖಂಡೇಪೂಜೆಗೆ ಗಾಡಿ ತೊಳೆಯುತ್ತೇನೆ, ಹೂ ಏರಿಸುತ್ತೇನೆ, ಟಯರಿಗೆ ಬಣ್ಣ ಮುಟ್ಟಿಸುವುದಿಲ್ಲ. ಹಿರೇಕೆರೂರಿನ ಕಡೆ ಹೋದಾಗ ಅಬಲೂರಿನ ಗೂಡಂಗಡಿಯ ಮುಂದೆ ಲಾರಿ ನಿಲ್ಲಿಸುತ್ತೇನೆ. ಫಕೀರಪ್ಪ ಚಹಾ ಕೊಡುವ ಮೊದಲು ಸ್ಟೆಪ್ನಿಯ ಕಡೆ ಗದ್ದ ತೋರಿಸಿ, "ಎಷ್ಟ ಅದಾವ್ರಿ ಮಾಲಕರ?" ಎಂದು ಕೇಳುತ್ತಾನೆ. ಅವನಿಗೆ ಕಾಣುತ್ತಿರುತ್ತದೆ. ಆದರೂ ನಾನು ಹೇಳುವ ತನಕ ಕಾಯುತ್ತಾನೆ.