ಉಜ್ಜನಪ್ಪ ಕತ್ತರಿಸಿದ ದೋಣಿ

ಉಜ್ಜನಪ್ಪ ನೌಕಾಪಡೆಯಲ್ಲಿ ಹದಿನೈದು ವರ್ಷ ಇದ್ದು, ಹಾಯಿದೋಣಿ ನಡೆಸುವುದನ್ನು ಅಲ್ಲೇ ಕಲಿತು ಭದ್ರಾವತಿಗೆ ವಾಪಸು ಬಂದವನು. ಊರಲ್ಲಿ ಒಂದು ಫೌಂಡ್ರಿಗೆ ವೆಲ್ಡರ್ ಆಗಿ ಸೇರಿದ. ತನ್ನ ಕೈಯಾರೆ ಕಟ್ಟಿದ ದೋಣಿಯಲ್ಲಿ ಮಲ್ಪೆಯಿಂದ ಮಸ್ಕತ್ತಿನವರೆಗೆ ಅರಬ್ಬೀ ಸಮುದ್ರ ದಾಟಬೇಕು ಎಂಬ ಆಸೆಯೊಂದು ಅವನ ತಲೆಯಲ್ಲಿತ್ತು. ೧೯೯೬ರಲ್ಲಿ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಉಕ್ಕಿನ ತಗಡು ಬೆಸೆಯಲು ಶುರುಮಾಡಿದ.

ಇಬ್ಬರು ಜೊತೆಯಾದರು. ಚೌಡಯ್ಯ ಅದೇ ಫೌಂಡ್ರಿಯ ಕ್ರೇನ್ ಆಪರೇಟರ್. ಶಿವರಾಮ ಶಿವಮೊಗ್ಗದಲ್ಲಿ ಗಣಿತದ ಮೇಷ್ಟ್ರು, ಪಂಚಾಂಗ ಗುಣಿಸುವ ಮನೆತನದವರು. ಸೂರ್ಯನ ಎತ್ತರ ಅಳೆದು ದಾರಿ ಹೇಳುವ ಕೆಲಸ ಅವರದು. ಅಳತೆಗೆ ಬೇಕಾದ ಕಡಲಂಚು ಈ ಊರಲ್ಲಿ ಕಾಣದ್ದರಿಂದ ತಟ್ಟೆಗೆ ಎಣ್ಣೆ ಹೊಯ್ದು, ಅದರಲ್ಲಿ ಕಾಣುವ ಸೂರ್ಯನನ್ನು ನೋಡಿ ಅಳೆಯುತ್ತಿದ್ದರು. ಮೊದಲ ಲೆಕ್ಕದ ಪ್ರಕಾರ ಉಜ್ಜನಪ್ಪನ ಹಿತ್ತಲು ನಲವತ್ತು ಕಿಲೋಮೀಟರ್ ದೂರದ ಕುಂಸಿಯಿಂದಲೂ ಆಚೆ ಇತ್ತು. ಮೂವರೂ ಬಿದ್ದು ಬಿದ್ದು ನಕ್ಕರು. ಒಂದು ಏಪ್ರಿಲ್‌ನಲ್ಲಿ ವಾರವಿಡೀ ಕುಡಿಯಲು, ತೊಳೆಯಲು ಎಲ್ಲಕ್ಕೂ ದಿನಕ್ಕೆ ತಲಾ ಮೂರು ಲೀಟರ್ ನೀರಿನಲ್ಲೇ ಬದುಕಿ ಅಭ್ಯಾಸ ಮಾಡಿದರು. "ನಾತ, ಹತ್ರ ಬರ್ಬೇಡಿ ಮಾರಾಯ್ರೆ" ಎಂದು ಚೌಡಯ್ಯನ ಹೆಂಡತಿ ಕಾಶಮ್ಮ ಗಂಡನನ್ನು ಜಗಲಿಯಲ್ಲೇ ಮಲಗಿಸಿದಳು.

ಇಷ್ಟರ ನಡುವೆ ಫೌಂಡ್ರಿ ಮುಚ್ಚಿತು. ಚೌಡಯ್ಯನಿಗೆ ದೋಣಿ ಬಿಟ್ಟು ಬೇರೆ ಮಾತೇ ಇರಲಿಲ್ಲ. ಉಜ್ಜನಪ್ಪ ಮಾತ್ರ ಒಂದು ವಿಷಯ ಬಚ್ಚಿಟ್ಟಿದ್ದ. ಅವನ ನೋಟ ಸುತ್ತಲಿಂದ ಕಿರಿದಾಗುತ್ತ ಬಂದು, ಪೈಪಿನೊಳಗಿಂದ ನೋಡಿದ ಹಾಗಾಗಿತ್ತು. ಕಣ್ಣಿನ ನರ ಸಾಯುತ್ತಿದೆ, ಹೋದದ್ದು ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದು ಸಲ ದಾಟಿ ಬರುವಷ್ಟು ದಿನ ಕಣ್ಣು ಉಳಿದರೆ ಸಾಕು ಎಂದುಕೊಂಡು ಅವನು ಹೆಂಡತಿ ಶಾಂತಮ್ಮನಿಗೂ ಹೇಳಲಿಲ್ಲ.

೨೦೦೦ದ ನವೆಂಬರ್‌ನಲ್ಲಿ ದೋಣಿಯನ್ನು ಲಾರಿಯಲ್ಲಿ ಗಾಜನೂರಿಗೆ ಒಯ್ದು ಪರೀಕ್ಷೆಗೆಂದು ಅಣೆಕಟ್ಟಿನ ಹಿನ್ನೀರಿಗೆ ಇಳಿಸಿದರು. ಯಾರಾದರೂ ನೀರಿಗೆ ಬಿದ್ದರೆ ಮಿಕ್ಕವನೊಬ್ಬ ಅವನತ್ತ ಬೆರಳು ತೋರಿಸುತ್ತಲೇ ಇರಬೇಕು, ರೆಪ್ಪೆ ಮಿಟುಕಿಸಬಾರದು ಎಂದು ಉಜ್ಜನಪ್ಪ ನೂರು ಸಲ ಕಲಿಸಿದ್ದ. ಮೂರನೆಯ ದಿನ ಜೋರು ಗಾಳಿಗೆ ಹಾಯಿಯ ಅಡ್ಡಮರ ತಿರುಗಿ ಶಿವರಾಮರ ಭುಜಕ್ಕೆ ಬಡಿಯಿತು. ಅವರು ನೀರಿಗೆ ಬಿದ್ದರು. ಚೌಡಯ್ಯ ಕಲಿತದ್ದೆಲ್ಲ ಮರೆತು ಎರಡೂ ಕೈಯಲ್ಲಿ ಹಾಯಿಕಂಬ ಅಪ್ಪಿಕೊಂಡು ಕಣ್ಣು ಮುಚ್ಚಿಬಿಟ್ಟ.

"ಎಲ್ಲಿದಾರೋ? ತೋರ್ಸೋ!" ಎಂದು ಚುಕ್ಕಾಣಿ ಹಿಡಿದ ಉಜ್ಜನಪ್ಪ ಕೂಗಿದ. ಇಪ್ಪತ್ತು ಅಡಿ ದೂರದಲ್ಲಿ ಮೇಷ್ಟ್ರು ನೀರಿಗೆ ಕೈ ಬಡಿಯುತ್ತ ಕೂಗುತ್ತಿದ್ದರು. ಉಜ್ಜನಪ್ಪನಿಗೆ ದನಿ ಕೇಳುತ್ತಿತ್ತು, ತಲೆ ಕಾಣಲಿಲ್ಲ. ಕೊನೆಗೆ ತೆಪ್ಪದಲ್ಲಿದ್ದ ಮೀನುಗಾರನೊಬ್ಬ ಅವರನ್ನು ಎಳೆದುಕೊಂಡ.

ದಡದಲ್ಲಿ ಉಜ್ಜನಪ್ಪ ತನ್ನ ಕಣ್ಣಿನ ವಿಷಯ ಹೇಳಿ, ಪ್ರಯಾಣ ಬೇಡ ಎಂದ. ಶಿವರಾಮ ಒದ್ದೆ ಬಟ್ಟೆ ಹಿಂಡುತ್ತಿದ್ದರು. ಚೌಡಯ್ಯ ಒಪ್ಪಲಿಲ್ಲ.

"ನಿಂಗ್ ಕಾಣ್ದಿದ್ರೆ ನೀನಿರು. ನಾನೂ ಮೇಷ್ಟ್ರೂ ಹೋಗ್ತೀವಿ."

"ನೀನ್ ಕಂಬ ತಬ್ಕೊಂಡು ನಿಂತಿದ್ದೆ ಚೌಡ."

"ಮೊದಲ್ನೇ ಸಲ ಹಂಗಾಯ್ತು. ಇನ್ನಾಗಲ್ಲ."

ಮೇಷ್ಟ್ರೂ ಕೊನೆಗೆ ಚೌಡಯ್ಯನ ಕಡೆಗೇ ವಾಲಿದರು. ದೋಣಿ ಮತ್ತೆ ಹಿತ್ತಲಿಗೆ ಬಂತು, ಮಲ್ಪೆಗೆ ಹೋಗುವ ಲಾರಿ ಗೊತ್ತಾಯಿತು. ಹೋಗಬೇಡಿ ಎಂದು ಉಜ್ಜನಪ್ಪ ತಿಂಗಳಿಡೀ ಹೇಳಿದರೂ ಇಬ್ಬರೂ ಕೇಳಲಿಲ್ಲ. ಲಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಉಜ್ಜನಪ್ಪ ಗ್ಯಾಸ್ ಕಟರ್ ಹಚ್ಚಿದ. ಬೆಸುಗೆಯ ಗೆರೆ ಕಾಣದೆ ಬೆರಳಿನಿಂದ ಸವರಿ ನೋಡುತ್ತ, ದೋಣಿಯ ತಳವನ್ನು ಉದ್ದಕ್ಕೂ ಸೀಳಿದ. ಬೇರೆ ವೆಲ್ಡರ್ ಬಂದು ಸರಿಮಾಡಬಾರದೆಂದು ಒಳಗಿನ ಪಕ್ಕೆಲುಬಿನಂಥ ಉಕ್ಕಿನ ಪಟ್ಟಿಗಳನ್ನೂ ಒಂದೊಂದಾಗಿ ಕತ್ತರಿಸಿದ. ಶಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಮಧ್ಯಾಹ್ನ ಚೌಡಯ್ಯ ಹುರಿಹಿಟ್ಟಿನ ಡಬ್ಬಗಳನ್ನು ಹೊತ್ತು ಬಂದ. ಸೀಳಿನೊಳಗೆ ಕೈ ಹಾಕಿ ನೋಡಿ ಅಲ್ಲೇ ನೆಲದ ಮೇಲೆ ಕುಳಿತ.

"ಸತ್ರೆ ನಾವ್ ಸಾಯ್ತಿದ್ವಿ. ನಿಂಗೇನಾಗ್ತಿತ್ತೋ?" ಎಂದ. ಅವನು ಉಜ್ಜನಪ್ಪನೊಂದಿಗೆ ಆಡಿದ ಕೊನೆಯ ಮಾತು ಅದು.

ದೋಣಿ ಗುಜರಿಗೆ ಹೋಯಿತು. ಚೌಡಯ್ಯನಿಗೆ ಮತ್ತೆ ಕ್ರೇನ್ ಸಿಗಲಿಲ್ಲ. ಅಡಿಕೆ ಮಂಡಿಯೊಂದರಲ್ಲಿ ಕೆಲವು ತಿಂಗಳು ವಾಚ್‌ಮನ್ ಆಗಿದ್ದು, ಆಮೇಲೆ ಮನೆಯಿಂದ ಹೊರಗೆ ಹೋಗುವುದನ್ನೇ ನಿಲ್ಲಿಸಿದ. ೨೦೦೫ರಲ್ಲಿ ಎದೆನೋವಿನಿಂದ ತೀರಿಕೊಂಡ. ಅಷ್ಟರಲ್ಲಿ ಪೂರ್ತಿ ಕುರುಡನಾಗಿದ್ದ ಉಜ್ಜನಪ್ಪನನ್ನು ಶಿವರಾಮರೇ ಕೈಹಿಡಿದು ಆ ಮನೆಗೆ ಕರೆದೊಯ್ದರು.

ಕಾಶಮ್ಮ ಬೈಯಲಿಲ್ಲ. "ಸಮುದ್ರಕ್ ಹೋಗಿದ್ರೆ ಒಂದೇ ಸಲ ಹೋಗ್ಬಿಡ್ತಿದ್ರು ಕಣಣ್ಣ. ನಾಲ್ಕ್ ವರ್ಷ ಗೋಡೆ ನೋಡ್ಕೊಂಡು ಕೂತಿದ್ರಲ್ಲ, ಅದನ್ನ ನಾನು ನೋಡಿದೀನಿ" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ಉಜ್ಜನಪ್ಪ ಕೇಳಿದ: "ಮೇಷ್ಟ್ರೇ, ಆವಾಗ ನಾನ್ ನಿಮ್ಮನ್ನ ಹೋಗಕ್ ಬಿಟ್ಟಿದ್ರೆ ಮಸ್ಕತ್ ತಲುಪ್ತಿದ್ರಾ?"

ಶಿವರಾಮ ಕಿಟಕಿಯತ್ತ ತಿರುಗಿದರು. "ಆ ಡಿಸೆಂಬರಲ್ಲಿ ಗಾಳಿ ಚೆನ್ನಾಗಿತ್ತು. ದಿನಾ ಪೇಪರಲ್ಲಿ ನೋಡ್ತಿದ್ದೆ" ಎಂದರು.